ಮಾಡಿದ ಕೆಲಸ ಕಾಣುವಂತಿರಲಿ

ಉದ್ಯೋಗ ಅರಸುವವರಿಗೆ ಅಂತರ್ಜಾಲದಲ್ಲಿ ಸ್ವಂತದ್ದೊಂದು ಪುಟ

ಒಂದು ಕಾಲದಲ್ಲಿ ನಮ್ಮ ಊರಿನ ಬಡಗಿಗಳಿಗೆ ಬಯೋಡಾಟಾ ಬೇಕಾಗಿರಲಿಲ್ಲ. ಹೊಸ ಮನೆ ಕಟ್ಟಿಸುವವರು ಕೇಳುತ್ತಿದ್ದದ್ದು ಒಂದೇ ಮಾತು: "ನೀವು ಯಾರ ಮನೆಯ ಕೆಲಸ ಮಾಡಿದ್ದೀರಿ?" ಬಡಗಿ ಎರಡು ಮನೆಗಳ ಹೆಸರು ಹೇಳುತ್ತಿದ್ದರು. ಕೇಳಿದವರು ಆದಿತ್ಯವಾರ ಆ ಕಡೆ ಹೋಗಿ, ಬಾಗಿಲನ್ನು ಎರಡು ಸಲ ತೆರೆದು ಮುಚ್ಚಿ, ದಾರಂದದ ಮೂಲೆ ಕೂಡಿದಲ್ಲಿ ಬೆರಳಾಡಿಸಿ ನೋಡಿ ಬರುತ್ತಿದ್ದರು. ಸೋಮವಾರ ಮಾತು ಮುಗಿದು ಮುಂಗಡ ಕೈಸೇರುತ್ತಿತ್ತು. ಹೊಲಿಗೆಯವರಿಗೂ ಹಾಗೆಯೇ. ಅವರ ಕೈಕೆಲಸವನ್ನು ಇಡೀ ಊರು ಮದುವೆಯ ದಿನವೇ ನೋಡಿಬಿಡುತ್ತಿತ್ತು.

ಇಂದು ನಮ್ಮ ಮಕ್ಕಳಿಗೆ ಕೆಲಸ ಕೊಡುವವರು ನಮ್ಮ ಊರಿನಲ್ಲಿಲ್ಲ. ಅವರು ಮಂಗಳೂರಿನಲ್ಲಿದ್ದಾರೆ, ಬೆಂಗಳೂರಿನಲ್ಲಿದ್ದಾರೆ, ಕೊಚ್ಚಿಯಲ್ಲಿದ್ದಾರೆ, ದುಬಾಯಿಯಲ್ಲಿದ್ದಾರೆ. ನಾವು ಮಾಡಿದ ಬಾಗಿಲನ್ನು ತೆರೆದು ನೋಡಲು ಅವರು ಬರುವುದಿಲ್ಲ. ಅವರ ಮೇಜಿನ ಮೇಲೆ ನೂರಾರು ಬಯೋಡಾಟಾಗಳ ರಾಶಿ ಇರುತ್ತದೆ. ಎಲ್ಲದರಲ್ಲೂ ಅವೇ ಮಾತುಗಳು: "ಕಷ್ಟಪಟ್ಟು ದುಡಿಯುವವನು", "ಹೊಸದನ್ನು ಕಲಿಯುವ ಆಸಕ್ತಿಯುಳ್ಳವಳು". ಯಾರು ಏನು ಮಾಡಬಲ್ಲರು ಎಂಬುದು ಅವುಗಳಿಂದ ತಿಳಿಯುವುದಿಲ್ಲ.

ಹೀಗಿರುವಾಗ ದೂರದಲ್ಲಿರುವವರಿಗೂ ನಮ್ಮ ಕೆಲಸ ಕಾಣುವಂತೆ ಮಾಡಲು ಇರುವ ದಾರಿಯೇ ಅಂತರ್ಜಾಲದ ಪೋರ್ಟ್‌ಫೋಲಿಯೋ. ಈ ಬೇಸಿಗೆಯಲ್ಲಿ ಪತ್ರಿಕೆಯ ಬಳಗದ ನಾವು ಮೂವರು, ಇಬ್ಬರು ಅಧ್ಯಾಪಕರು ಮತ್ತು ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, ಮೂರು ಶನಿವಾರ ಸಂಜೆ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ನಮ್ಮವರೊಂದಿಗೆ ಕುಳಿತು ಇಂಥ ಪುಟಗಳನ್ನು ಕಟ್ಟಿದೆವು. ಕಲಿಸಲು ಹೋದ ನಾವು ಕಲಿತದ್ದೇ ಹೆಚ್ಚು. ಅದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇವೆ.

"ಅದೂ ಕೆಲಸವಾ ಟೀಚರ್?"

ಇದಕ್ಕೆಲ್ಲ ಕಾರಣಳಾದವಳು ಬದಿಯಡ್ಕದ ಹತ್ತಿರದ ಒಬ್ಬ ಹುಡುಗಿ. ಹತ್ತನೆಯ ತರಗತಿಯವರೆಗೆ ನಮ್ಮಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿ, ಮಂಗಳೂರಿನಲ್ಲಿ ಬಿ.ಕಾಂ. ಮುಗಿಸಿದವಳು. ಮಂಗಳೂರಿನ ಒಂದು ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಸಂದರ್ಶನಕ್ಕೆ ಕರೆದಿದ್ದರು. ಬೆಳಿಗ್ಗೆ ಆರು ಗಂಟೆಗೆ ಮನೆ ಬಿಟ್ಟು ಬಸ್ಸು ಹಿಡಿದು ಹೋದಳು. ಸಂದರ್ಶನ ಹತ್ತು ನಿಮಿಷದಲ್ಲಿ ಮುಗಿಯಿತು. "ಅನುಭವ ಏನಿದೆ?" ಎಂದು ಕೇಳಿದರಂತೆ. "ಇಲ್ಲ ಸರ್" ಅಂದಳಂತೆ. ಮಧ್ಯಾಹ್ನದ ಬಸ್ಸಿಗೆ ಮನೆಗೆ ಮರಳಿದಳು.

ನಾಲ್ಕು ದಿನ ಕಳೆದು ನಮ್ಮಲ್ಲೊಬ್ಬರ ಮನೆಗೆ ಬಂದವಳು ಚಹಾ ಕುಡಿಯುತ್ತಾ ಕಣ್ಣು ತುಂಬಿಕೊಂಡಳು. "ಮನೆಯಲ್ಲಿ ಇಷ್ಟು ದಿನ ಎಂತ ಮಾಡ್ತಿದ್ದಿ ಮಗಾ?" ಎಂದು ಕೇಳಿದಾಗ, "ಎಂತದೂ ಇಲ್ಲ ಟೀಚರ್" ಎಂದಳು. ಕೆದಕಿ ಕೇಳಿದಾಗ ಒಂದೊಂದೇ ಹೊರಬಂತು. ಚಿಕ್ಕಪ್ಪನ ಅಡಿಕೆ ವ್ಯಾಪಾರದ ಲೆಕ್ಕವನ್ನು ಎರಡು ವರ್ಷದಿಂದ ಟ್ಯಾಲಿಯಲ್ಲಿ ಬರೆಯುತ್ತಿರುವವಳು ಅವಳೇ. ಪಂಚಾಯತಿನಿಂದಲೋ ಗ್ರಾಮ ಕಚೇರಿಯಿಂದಲೋ ಮಲಯಾಳದಲ್ಲಿ ಕಾಗದ ಬಂದರೆ ನೆರೆಕರೆಯ ಹತ್ತು ಮನೆಯವರು ಓಡಿ ಬರುವುದು ಅವಳ ಬಳಿಗೆ. ಅದನ್ನು ಓದಿ ಕನ್ನಡದಲ್ಲಿ ಹೇಳಿ, ಉತ್ತರವನ್ನು ಮಲಯಾಳದಲ್ಲಿ ಬರೆದುಕೊಡುತ್ತಾಳೆ. ಹಬ್ಬದ ಸ್ಟಾಲುಗಳ ಹಣದ ಲೆಕ್ಕ ಎರಡು ವರ್ಷವೂ ಅವಳ ಕೈಯಲ್ಲೇ ಇತ್ತು, ಒಂದು ರೂಪಾಯಿ ವ್ಯತ್ಯಾಸ ಬಂದಿರಲಿಲ್ಲ.

"ಇದನ್ನೆಲ್ಲ ಸಂದರ್ಶನದಲ್ಲಿ ಯಾಕೆ ಹೇಳಲಿಲ್ಲ?" ಎಂದೆವು.

"ಅದೂ ಕೆಲಸವಾ ಟೀಚರ್? ಅದು ಮನೆದ್ದಲ್ವಾ?"

ಈ ಮಾತು ನಮ್ಮನ್ನು ಬಹಳ ದಿನ ಕಾಡಿತು. ಕೆಲಸ ಕೊಡುವವರಿಗೆ ಅವಳ ಕೆಲಸ ಕಾಣಲಿಲ್ಲ ಎಂದು ನಾವು ಅವರನ್ನು ದೂರುವಂತಿಲ್ಲ, ಏಕೆಂದರೆ ಅದು ಅವಳಿಗೇ ಕಂಡಿರಲಿಲ್ಲ. ಸಂಬಳ ಚೀಟಿ ಇಲ್ಲದ ಕೆಲಸ ಕೆಲಸವೇ ಅಲ್ಲ ಎಂಬ ಭಾವನೆ ನಮ್ಮ ಅನೇಕ ಯುವಕ ಯುವತಿಯರಲ್ಲಿದೆ, ಅವರ ತಂದೆತಾಯಿಯರಲ್ಲೂ ಇದೆ. ಪೋರ್ಟ್‌ಫೋಲಿಯೋ ಕಟ್ಟುವುದರ ಮೊದಲ ಲಾಭ ಇಲ್ಲೇ ಸಿಗುತ್ತದೆ: ಇನ್ನೊಬ್ಬರಿಗೆ ತೋರಿಸಬೇಕಾದರೆ ಮೊದಲು ನಾವೇ ನೋಡಬೇಕಾಗುತ್ತದೆ.

ಬಯೋಡಾಟಾಕ್ಕೂ ಇದಕ್ಕೂ ಏನು ವ್ಯತ್ಯಾಸ?

ಪೋರ್ಟ್‌ಫೋಲಿಯೋ ಎಂಬ ಪದ ಇಟಾಲಿಯನ್ ಭಾಷೆಯಿಂದ ಬಂದದ್ದು. ಹಾಳೆಗಳನ್ನು ಹೊತ್ತೊಯ್ಯುವ ಚೀಲ ಎಂದು ಅದರ ಮೂಲ ಅರ್ಥ. ಚಿತ್ರಗಾರರು, ಕಟ್ಟಡದ ನಕ್ಷೆ ಬರೆಯುವವರು ತಮ್ಮ ಒಳ್ಳೆಯ ಹಾಳೆಗಳನ್ನು ದೊಡ್ಡ ಚರ್ಮದ ಚೀಲದಲ್ಲಿಟ್ಟು ಕೆಲಸ ಕೇಳಲು ಹೋಗುತ್ತಿದ್ದರು. ಈಗ ಆ ಚೀಲ ಅಂತರ್ಜಾಲದಲ್ಲಿದೆ. ಒಂದು ಲಿಂಕ್ ಕಳುಹಿಸಿದರೆ ಸಾಕು, ಅತ್ತ ಕಡೆಯವರು ತೆರೆದು ನೋಡುತ್ತಾರೆ.

ಬಯೋಡಾಟಾ ಎಂದರೆ ಒಂದೆರಡು ಪುಟಗಳ ಪಟ್ಟಿ: ಓದು, ಅಂಕ, ಕೆಲಸ ಮಾಡಿದ ಸ್ಥಳ. ಅದು ಈಗಲೂ ಬೇಕು. "ನನಗೆ ಟ್ಯಾಲಿ ಗೊತ್ತಿದೆ" ಎಂದು ಬಯೋಡಾಟಾ ಹೇಳುತ್ತದೆ. "ಇದೋ, ಇದು ನಾನು ಬರೆದ ಲೆಕ್ಕದ ಮಾದರಿ" ಎಂದು ಪೋರ್ಟ್‌ಫೋಲಿಯೋ ತೋರಿಸುತ್ತದೆ. ಬಯೋಡಾಟಾದ ಮೇಲ್ಭಾಗದಲ್ಲಿ ಹೆಸರು, ಇ-ಮೇಲ್ ಇರುವಲ್ಲಿ ಈ ಪುಟದ ಲಿಂಕ್ ಕೂಡ ಇದ್ದರೆ ಎರಡೂ ಒಂದಕ್ಕೊಂದು ಆಧಾರವಾಗುತ್ತವೆ.

ಇದು ಕಂಪ್ಯೂಟರ್ ಕಲಿತವರಿಗೆ ಮಾತ್ರ ಎಂದು ತಿಳಿಯಬೇಡಿ. ನಮ್ಮ ಕೋಣೆಗೆ ಬಂದವರಲ್ಲಿ ಹೊಲಿಗೆ ಕಲಿತವರು, ಫೋಟೋ ತೆಗೆಯುವವರು, ಶಿಕ್ಷಕ ತರಬೇತಿ ಮುಗಿಸಿದವರು, ಒಬ್ಬ ದಾದಿ, ಒಬ್ಬ ಎಲೆಕ್ಟ್ರಿಷಿಯನ್, ಕುವೈತಿನಿಂದ ಮರಳಿದ ಒಬ್ಬ ಎ.ಸಿ. ಮೆಕ್ಯಾನಿಕ್ ಇದ್ದರು.

ಮೊದಲು ನೋಟ್‌ಬುಕ್, ಆಮೇಲೆ ಕಂಪ್ಯೂಟರ್

ಮೊದಲ ಶನಿವಾರ ನಾವು ಕಂಪ್ಯೂಟರನ್ನು ತೆರೆಯಲೇ ಇಲ್ಲ. ಎಲ್ಲರಿಗೂ ಒಂದೊಂದು ನೋಟ್‌ಬುಕ್ ಕೊಟ್ಟು, ಕಳೆದ ಐದು ವರ್ಷಗಳಲ್ಲಿ ಮಾಡಿದ ಕೆಲಸಗಳನ್ನೆಲ್ಲ ಬರೆಯಿರಿ ಎಂದೆವು. ಸಂಬಳ ಬಂದದ್ದು, ಬಾರದ್ದು ಎಂಬ ಭೇದ ಬೇಡ. ಕಾಲೇಜಿನ ಪ್ರಾಜೆಕ್ಟ್, ಮನೆಯ ಅಂಗಡಿ, ಸಂಘದ ಲೆಕ್ಕ, ಮಕ್ಕಳಿಗೆ ಹೇಳಿಕೊಟ್ಟ ಟ್ಯೂಷನ್, ಸಂಬಂಧಿಕರ ಮದುವೆಗೆ ಮಾಡಿಕೊಟ್ಟ ಆಮಂತ್ರಣ ಪತ್ರ, ಎಲ್ಲವೂ ಬರಲಿ. ಅರ್ಧ ಗಂಟೆ ಯಾರ ಪೆನ್ನೂ ಓಡಲಿಲ್ಲ. ಆಮೇಲೆ ಪಕ್ಕದವರು ನೆನಪಿಸತೊಡಗಿದರು: "ನೀನು ಆ ನಾಟಕಕ್ಕೆ ಲೈಟು ಮಾಡಿದ್ದಲ್ವಾ?" ಸಂಜೆ ಆರು ಗಂಟೆಗೆ ಕಡಿಮೆ ಬರೆದವರ ಪಟ್ಟಿಯಲ್ಲೂ ಒಂಬತ್ತು ಸಾಲುಗಳಿದ್ದವು.

ಆ ಪಟ್ಟಿಯಿಂದ ಮೂರು, ಹೆಚ್ಚೆಂದರೆ ಐದು ಕೆಲಸಗಳನ್ನು ಆರಿಸಬೇಕು. ಕೈಗೆ ಸಿಕ್ಕಿದ್ದನ್ನೆಲ್ಲ ತುಂಬಿದರೆ ಒಳ್ಳೆಯದು ಅದರಡಿಯಲ್ಲಿ ಹೂತುಹೋಗುತ್ತದೆ. ಯಾವ ಕೆಲಸಕ್ಕೆ ಅರ್ಜಿ ಹಾಕುತ್ತೀರೋ ಅದಕ್ಕೆ ಹತ್ತಿರವಾದದ್ದು ಮೊದಲು ಬರಲಿ.

ಪ್ರತಿಯೊಂದು ಕೆಲಸದ ಬಗ್ಗೆಯೂ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಮೊದಲು ಪರಿಸ್ಥಿತಿ ಹೇಗಿತ್ತು? ಅದರಲ್ಲಿ ನನ್ನ ಪಾಲು ಏನು? ನಾನು ಹೇಗೆ ಮಾಡಿದೆ? ಕೊನೆಗೆ ಏನಾಯಿತು? ಈ ಹುಡುಗಿ ಮೊದಲು ಬರೆದದ್ದು ಹೀಗಿತ್ತು: "ಅಕೌಂಟ್ಸ್ ಗೊತ್ತಿದೆ. ಟ್ಯಾಲಿ ಕಲಿತಿದ್ದೇನೆ." ನಾಲ್ಕು ಪ್ರಶ್ನೆಗಳ ಬಳಿಕ ಅದು ಹೀಗಾಯಿತು:

"ನಮ್ಮ ಕುಟುಂಬದ ಅಡಿಕೆ ವ್ಯಾಪಾರದ ಲೆಕ್ಕವನ್ನು ಎರಡು ವರ್ಷದಿಂದ ಬರೆಯುತ್ತಿದ್ದೇನೆ. ನಾನು ಆರಂಭಿಸುವಾಗ ಆರು ತಿಂಗಳ ಖರೀದಿ ಚೀಟಿಗಳು ಒಂದು ಪೆಟ್ಟಿಗೆಯಲ್ಲಿ ಬಿದ್ದಿದ್ದವು. ಅವನ್ನು ದಿನಾಂಕದ ಪ್ರಕಾರ ಜೋಡಿಸಿ ಟ್ಯಾಲಿಗೆ ಏರಿಸಿದೆ. ಆ ಬಳಿಕ ಪ್ರತಿ ತಿಂಗಳೂ ಜಿ.ಎಸ್.ಟಿ. ರಿಟರ್ನಿಗೆ ಬೇಕಾದ ಲೆಕ್ಕವನ್ನು ತಯಾರಿಸಿ ಕೊಡುತ್ತಿದ್ದೇನೆ. ರಿಟರ್ನ್ ಸಲ್ಲಿಸುವವರು ನಮ್ಮ ಆಡಿಟರ್."

ಕೊನೆಯ ವಾಕ್ಯವನ್ನು ಗಮನಿಸಿ. ಅದನ್ನು ಬರೆಯಬೇಕೋ ಬೇಡವೋ ಎಂದು ಅವಳು ಬಹಳ ಯೋಚಿಸಿದಳು. ಬರೆಯಲೇಬೇಕು ಎಂದೆವು. ತನ್ನ ಪಾಲು ಎಲ್ಲಿಗೆ ಮುಗಿಯುತ್ತದೆ ಎಂದು ಹೇಳುವವರ ಮಾತನ್ನು, ಎಲ್ಲಿಂದ ಆರಂಭವಾಗುತ್ತದೆ ಎಂದು ಹೇಳುವಾಗಲೂ ಜನ ನಂಬುತ್ತಾರೆ.

ಪುರಾವೆಯಾಗಿ ಏನು ಹಾಕುವುದು? ಚಿಕ್ಕಪ್ಪನ ವ್ಯಾಪಾರದ ನಿಜವಾದ ಅಂಕಿಗಳನ್ನು ಊರಿಗೆಲ್ಲ ತೋರಿಸುವಂತಿಲ್ಲ. ಆದ್ದರಿಂದ ಕಾಲ್ಪನಿಕ ಹೆಸರು, ಕಾಲ್ಪನಿಕ ಮೊತ್ತಗಳಿಂದ ಒಂದು ತಿಂಗಳ ಮಾದರಿ ಲೆಕ್ಕವನ್ನು ತಯಾರಿಸಿ, "ಇದು ಮಾದರಿ ಮಾತ್ರ" ಎಂದು ಮೇಲೆ ಬರೆದು ಹಾಕಿದಳು. ಕೆಲಸ ಗೊತ್ತಿದ್ದವರಿಗೆ ಅಷ್ಟರಲ್ಲೇ ಕೈ ಎಂಥದು ಎಂದು ತಿಳಿಯುತ್ತದೆ.

ಗಡಿನಾಡಿನ ಸೊತ್ತು

ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಎಂದು ವೇದಿಕೆಗಳಲ್ಲಿ ಹೇಳುತ್ತೇವೆ. ಆದರೆ ನಮ್ಮ ಮಕ್ಕಳ ಬಯೋಡಾಟಾಗಳಲ್ಲಿ ಭಾಷೆಗಳ ಸಾಲು ಎಲ್ಲಕ್ಕಿಂತ ಕೆಳಗೆ, ಅರ್ಧ ಸಾಲಿನಲ್ಲಿ ಮುಗಿದಿರುತ್ತದೆ. ಮನೆಯಲ್ಲಿ ಕೊಂಕಣಿ, ಅಂಗಳದಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ, ಕಾಲೇಜಿನಲ್ಲಿ ಇಂಗ್ಲಿಷ್, ಟಿ.ವಿ.ಯಲ್ಲಿ ಹಿಂದಿ: ಇದು ನಮಗೆ ಗಾಳಿ ನೀರಿನಷ್ಟು ಸಹಜ, ಹಾಗಾಗಿ ಇದೊಂದು ಅರ್ಹತೆ ಎಂದು ತೋರುವುದೇ ಇಲ್ಲ. 1956ರ ನವೆಂಬರ್ 1ರಂದು ಗಡಿರೇಖೆ ಎಳೆದಂದಿನಿಂದ ನಾವು ಅನುಭವಿಸಿದ ತೊಂದರೆಗಳು ನಿಜ. ಮಲಯಾಳದ ಅರ್ಜಿಯ ಮುಂದೆ ಕನ್ನಡ ಕಲಿತವರು ಕೈಕಟ್ಟಿ ನಿಂತದ್ದು ನಿಜ. ಆ ತೊಂದರೆಯೇ ನಮ್ಮ ಮಕ್ಕಳಿಗೆ ಎರಡು ಲಿಪಿಗಳನ್ನು ಕಲಿಸಿದೆ. ಮಂಗಳೂರು ಮತ್ತು ಕಣ್ಣೂರು ಎರಡೂ ಕಡೆ ಗಿರಾಕಿಗಳಿರುವ ಸಂಸ್ಥೆಗೆ ಇಂಥವರು ಬೇಕೇ ಬೇಕು. ಅಕ್ಕಲಕೋಟೆಯಲ್ಲಿ ಕನ್ನಡ, ಮರಾಠಿ ಎರಡನ್ನೂ ಓದುವವರಿಗೂ, ಹೊಸೂರಿನಲ್ಲಿ ಕನ್ನಡದ ಜೊತೆ ತಮಿಳು, ತೆಲುಗು ಆಡುವವರಿಗೂ, ಆದೋನಿ, ಮಡಕಶಿರಾದ ಕಡೆಯವರಿಗೂ ಈ ಮಾತು ಅನ್ವಯಿಸುತ್ತದೆ.

"ಭಾಷೆಗಳು: ಕನ್ನಡ, ಮಲಯಾಳ, ಇಂಗ್ಲಿಷ್" ಎಂದಷ್ಟೇ ಬರೆದರೆ ಸಾಲದು. ಯಾವುದನ್ನು ಮಾತನಾಡಬಲ್ಲಿರಿ, ಯಾವುದನ್ನು ಓದಬಲ್ಲಿರಿ, ಯಾವುದರಲ್ಲಿ ತಪ್ಪಿಲ್ಲದೆ ಬರೆಯಬಲ್ಲಿರಿ, ಯಾವುದನ್ನು ಟೈಪ್ ಮಾಡಬಲ್ಲಿರಿ ಎಂದು ಬೇರೆ ಬೇರೆಯಾಗಿ ಹೇಳಿ. ಸಾಧ್ಯವಾದರೆ ತೋರಿಸಿ. ನಮ್ಮ ಹುಡುಗಿ ಎಲ್ಲರಿಗೂ ಪ್ರಕಟವಾಗಿದ್ದ ಒಂದು ಸರಕಾರಿ ಪ್ರಕಟಣೆಯನ್ನು ತೆಗೆದುಕೊಂಡು, ಒಂದು ಬದಿಗೆ ಮಲಯಾಳ ಮೂಲ, ಇನ್ನೊಂದು ಬದಿಗೆ ತನ್ನ ಕನ್ನಡ ಅನುವಾದ, ಕೆಳಗೆ ಇಂಗ್ಲಿಷ್ ಸಾರಾಂಶ ಇಟ್ಟಳು. ನೆರೆಯವರ ಖಾಸಗಿ ಕಾಗದಗಳನ್ನು ಮುಟ್ಟಲಿಲ್ಲ.

ಗಡಿನಾಡಿನವರು ಇನ್ನೊಂದು ವಿಷಯವನ್ನು ಒಂದೇ ಸಾಲಿನಲ್ಲಿ ತಿಳಿಸುವುದು ಒಳಿತು. ಹತ್ತನೆಯ ತರಗತಿಯ ಪ್ರಮಾಣಪತ್ರ ಕೇರಳದ್ದು, ಪದವಿ ಕರ್ನಾಟಕದ್ದು ಎಂದಾಗ ದೂರದವರು ಗೊಂದಲಗೊಳ್ಳುತ್ತಾರೆ. "ನನ್ನ ಊರು ಎರಡು ರಾಜ್ಯಗಳ ಗಡಿಯಲ್ಲಿದೆ, ಹಾಗಾಗಿ ಎರಡೂ ಕಡೆ ಓದಿದ್ದೇನೆ" ಎಂದರೆ ಮುಗಿಯಿತು.

ಹೆಸರಿನ ಗೋಜು

ಎರಡನೆಯ ಶನಿವಾರದ ಮುಕ್ಕಾಲು ಗಂಟೆ ಹೆಸರುಗಳಲ್ಲೇ ಕಳೆಯಿತು. ಡಿಸೋಜ ಎಂಬ ಕುಲನಾಮವನ್ನು ಇಂಗ್ಲಿಷಿನಲ್ಲಿ ಒಬ್ಬರು ಡಿ ಅಕ್ಷರದ ಬಳಿಕ ಮೇಲೊಂದು ಚಿಹ್ನೆ ಹಾಕಿ ಬರೆಯುತ್ತಾರೆ, ಇನ್ನೊಬ್ಬರು ಕೂಡಿಸಿ ಬರೆಯುತ್ತಾರೆ, ಮತ್ತೊಬ್ಬರು ಬಿಡಿಸಿ ಬರೆಯುತ್ತಾರೆ. ಶಾಲೆಯ ದಾಖಲೆಯಲ್ಲಿ ಒಂದು ಬಗೆ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಬಗೆ. ಕೆಲವರ ಶಾಲಾ ದಾಖಲೆಯಲ್ಲಿ ಕುಲನಾಮವೇ ಇಲ್ಲ, ತಂದೆಯ ಹೆಸರಿನ ಮೊದಲಕ್ಷರ ಮಾತ್ರ. ವಿದೇಶದ ಕೆಲಸ ಬಯಸುವವರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಪುಟದಲ್ಲೂ ಬಯೋಡಾಟಾದಲ್ಲೂ ಬರೆಯಿರಿ. ದಾಖಲೆಗಳಲ್ಲೇ ವ್ಯತ್ಯಾಸವಿದ್ದರೆ ಕೆಲಸ ಸಿಕ್ಕಿದ ಮೇಲೆ ಓಡಾಡುವ ಬದಲು ಈಗಲೇ ಸರಿಪಡಿಸಲು ಹೊರಡಿ.

ಇ-ಮೇಲ್ ವಿಳಾಸವೂ ಗಂಭೀರವಾಗಿರಲಿ. ಕಾಲೇಜಿನ ದಿನಗಳಲ್ಲಿ ತಮಾಷೆಗೆ ಇಟ್ಟ ಹೆಸರಿನ ವಿಳಾಸದಿಂದ ಅರ್ಜಿ ಹೋದರೆ ತೆರೆಯುವವರು ಮೊದಲು ನಗುತ್ತಾರೆ, ಆಮೇಲೆ ಓದುತ್ತಾರೆ.

ಪುಟವನ್ನು ಎಲ್ಲಿ ಕಟ್ಟುವುದು?

ಹಣ ಕೊಟ್ಟು ಜಾಲತಾಣ ಮಾಡಿಸುವ ಅಗತ್ಯ ಹೆಚ್ಚಿನವರಿಗಿಲ್ಲ. ಉಚಿತವಾಗಿ ಸಿಗುವ ಸ್ಥಳಗಳೇ ಸಾಕು.

ಲಿಂಕ್ಡ್‌ಇನ್: 2003ರಲ್ಲಿ ಆರಂಭವಾದ, 2016ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡ ಉದ್ಯೋಗಸ್ಥರ ತಾಣ. ಕಚೇರಿ ಕೆಲಸ ಹುಡುಕುವ ಯಾರೇ ಆದರೂ ಇಲ್ಲೊಂದು ಖಾತೆ ತೆರೆಯಬೇಕು. ಬಹುತೇಕ ಮಂದಿ ಹೆಸರು, ಕಾಲೇಜು ತುಂಬಿ ಅಲ್ಲಿಗೇ ಬಿಡುತ್ತಾರೆ. ಇದರಲ್ಲಿ ಕೆಲಸದ ಮಾದರಿಗಳನ್ನು, ಲಿಂಕ್‌ಗಳನ್ನು ಮೇಲೆಯೇ ಕಾಣುವಂತೆ ಇಡುವ ವಿಭಾಗವಿದೆ. ಅದನ್ನು ಬಳಸಿ.

ಗೂಗಲ್ ಸೈಟ್ಸ್: ಜಿ-ಮೇಲ್ ಖಾತೆ ಇದ್ದವರೆಲ್ಲ ಉಚಿತವಾಗಿ ಪುಟ ಕಟ್ಟಬಹುದು. ನಾವು ಹೆಚ್ಚಿನವರಿಗೆ ಇದನ್ನೇ ಹೇಳಿಕೊಟ್ಟೆವು. ಮೇಲೆ ಹೆಸರು ಮತ್ತು ಒಂದು ಸಾಲಿನ ಪರಿಚಯ, ಕೆಳಗೆ ಮೂರು ಕೆಲಸಗಳು, ಆಮೇಲೆ ಓದು ಮತ್ತು ಭಾಷೆಗಳು, ಕೊನೆಗೆ ಇ-ಮೇಲ್. ಇಷ್ಟು ಸಾಕು. ಫೋನಿನಲ್ಲಿ ಪದೇ ಪದೇ ತಿದ್ದುವುದು ಕಷ್ಟ, ಕಂಪ್ಯೂಟರಿನ ಮುಂದೆ ಕುಳಿತು ಮಾಡುವುದು ಲೇಸು. ಆದರೆ ಮುಗಿದ ಮೇಲೆ ಫೋನಿನಲ್ಲಿ ತೆರೆದು ನೋಡಿ. ನೋಡುವವರಲ್ಲಿ ಎಷ್ಟೋ ಮಂದಿ ಫೋನಿನಲ್ಲೇ ನೋಡುತ್ತಾರೆ.

ಗಿಟ್‌ಹಬ್: ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರಿಗೆ. ಪ್ರೋಗ್ರಾಂ ಇಟ್ಟರೆ ಸಾಲದು. ಅದು ಏನು ಮಾಡುತ್ತದೆ, ಹೇಗೆ ನಡೆಸುವುದು ಎಂಬ ವಿವರಣೆಯನ್ನೂ ಬರೆದಿಡಬೇಕು.

ಬಿಹಾನ್ಸ್: ಚಿತ್ರ, ವಿನ್ಯಾಸ, ಫೋಟೋಗಳ ಕೆಲಸದವರಿಗೆ. ಅಡೋಬಿ ಕಂಪನಿಯದು.

ಯೂಟ್ಯೂಬ್: ಕೈಕೆಲಸದವರಿಗೆ, ಶಿಕ್ಷಕರಿಗೆ ಬಹಳ ಉಪಯುಕ್ತ. ಲಿಂಕ್ ಇದ್ದವರು ಮಾತ್ರ ನೋಡುವಂತೆ ವಿಡಿಯೋ ಇಡುವ ಸೌಲಭ್ಯವೂ ಇದೆ.

ಇವುಗಳ ಜೊತೆಗೆ ಕೇಂದ್ರ ಕಾರ್ಮಿಕ ಸಚಿವಾಲಯದ ನ್ಯಾಷನಲ್ ಕೆರಿಯರ್ ಸರ್ವಿಸ್ ತಾಣದಲ್ಲಿ ಉಚಿತವಾಗಿ ಹೆಸರು ನೋಂದಾಯಿಸಬಹುದು. ಇದು 2015ರಲ್ಲಿ ಆರಂಭವಾಯಿತು.

ನಮ್ಮಲ್ಲಿ ಅತಿ ಹೆಚ್ಚು ಮಂದಿ ಮಾಡಿದ ತಪ್ಪೊಂದನ್ನು ಹೇಳಲೇಬೇಕು. ಕೆಲಸದ ಮಾದರಿಗಳನ್ನು ಗೂಗಲ್ ಡ್ರೈವ್‌ನಲ್ಲಿಟ್ಟು ಲಿಂಕ್ ಕೊಟ್ಟರು, ಆದರೆ ಬೇರೆಯವರು ನೋಡಲು ಅನುಮತಿ ಕೊಡಲಿಲ್ಲ. ತಮ್ಮ ಫೋನಿನಲ್ಲಿ ಚೆನ್ನಾಗಿ ತೆರೆಯುತ್ತದೆ, ಏಕೆಂದರೆ ಅದು ಅವರದೇ ಖಾತೆ. ಅತ್ತ ಕಡೆಯವರಿಗೆ ಮುಚ್ಚಿದ ಬಾಗಿಲು ಕಾಣುತ್ತದೆ. ಅನುಮತಿ ಬೇಡಿ ಕಾಯುವಷ್ಟು ವ್ಯವಧಾನ ಅವರಿಗಿಲ್ಲ. ಆದ್ದರಿಂದ ಲಿಂಕನ್ನು ಯಾರಿಗಾದರೂ ಕಳುಹಿಸುವ ಮುನ್ನ ತಮ್ಮನದೋ ನೆರೆಯವರದೋ ಫೋನಿನಲ್ಲಿ ಒಮ್ಮೆ ತೆರೆದು ಪರೀಕ್ಷಿಸಿ.

ದಾದಿ ಮತ್ತು ಮೆಕ್ಯಾನಿಕ್

ಕುವೈತಿನಿಂದ ಮರಳಿದ ಎ.ಸಿ. ಮೆಕ್ಯಾನಿಕ್‌ಗೆ ವಯಸ್ಸು 46. ಹದಿನಾಲ್ಕು ವರ್ಷ ದುಡಿದರೂ ಅವರ ಕೈಯಲ್ಲಿದ್ದದ್ದು ಪಾಸ್‌ಪೋರ್ಟಿನ ಮೊಹರುಗಳು ಮತ್ತು ಫೋನಿನ ತುಂಬಾ ಫೋಟೋಗಳು. "ಕಂಪನಿ ಮುಚ್ಚಿತು, ಸರ್ಟಿಫಿಕೇಟ್ ಯಾರು ಕೊಡ್ತಾರೆ ಮಾರಾಯ್ರೇ?" ಎಂದರು. ಫೋಟೋಗಳಲ್ಲಿ ಗಿರಾಕಿಗಳ ಮನೆಯೊಳಗಿನವನ್ನು, ಸಹೋದ್ಯೋಗಿಗಳ ಮುಖ ಇರುವವನ್ನು ಬದಿಗಿಟ್ಟೆವು. ಯಂತ್ರ ಮಾತ್ರ ಕಾಣುವ, ದುರಸ್ತಿಗೆ ಮೊದಲು ಮತ್ತು ಆಮೇಲೆ ತೆಗೆದ ಆರು ಫೋಟೋಗಳು ಉಳಿದವು.

ಆಮೇಲೆ ಅವರ ಮನೆಯಲ್ಲೇ ಎರಡು ನಿಮಿಷದ ಒಂದು ವಿಡಿಯೋ ಮಾಡಿದೆವು. ಗ್ಯಾಸ್ ಸೋರಿಕೆಯನ್ನು ಹುಡುಕುವುದು ಹೇಗೆ, ನೈಟ್ರೋಜನ್ ಒತ್ತಡ ಕೊಟ್ಟು ಕೂಡುಗಂಟುಗಳಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ನೋಡುವುದು ಹೇಗೆ, ಹೊಸ ಗ್ಯಾಸ್ ತುಂಬುವ ಮೊದಲು ಪೈಪಿನೊಳಗಿನ ಗಾಳಿಯನ್ನೂ ತೇವವನ್ನೂ ಪಂಪಿನಿಂದ ಏಕೆ ಹೊರತೆಗೆಯಬೇಕು ಎಂದು ಅವರು ವಿವರಿಸಿದರು. ಆರಂಭದಲ್ಲಿ ನಾಚಿಕೊಂಡರು. ಪೈಪು ಕೈಗೆ ಬಂದ ಕೂಡಲೇ ನಾಚಿಕೆ ಮರೆತರು. ಆ ವಿಡಿಯೋ ನೋಡಿದ ಯಾರೂ ಅವರಲ್ಲಿ ಸರ್ಟಿಫಿಕೇಟ್ ಎಲ್ಲಿ ಎಂದು ಮೊದಲಿಗೆ ಕೇಳಲಾರರು.

ದಾದಿಯ ವಿಷಯ ಬೇರೆ. ಅವರ ಕೆಲಸದ ಫೋಟೋ ಹಾಕಲೇಬಾರದು. ಮುಖ ಮರೆಮಾಡಿದರೂ ರೋಗಿಯ ಚಿತ್ರ ಬೇಡ, ಕೇಸ್ ಶೀಟಿನ ಒಂದು ತುಣುಕೂ ಬೇಡ. ಅವರು ಮಾತುಗಳಲ್ಲೇ ತೋರಿಸಬೇಕು: ಎಷ್ಟು ಹಾಸಿಗೆಗಳ ವಾರ್ಡು, ಪಾಳಿಯಲ್ಲಿ ಎಷ್ಟು ರೋಗಿಗಳ ಹೊಣೆ, ಯಾವ ಯಂತ್ರಗಳ ಬಳಕೆ ಗೊತ್ತು, ಹೊಸಬರಿಗೆ ಕಲಿಸಿದ ಅನುಭವ ಇದೆಯೇ, ರೋಗಿಗಳೊಂದಿಗೆ ಎಷ್ಟು ಭಾಷೆಗಳಲ್ಲಿ ಮಾತನಾಡಬಲ್ಲರು. ಕೊಲ್ಲಿಯ ಹಲವು ದೇಶಗಳಲ್ಲಿ ದಾದಿಯರ ಪ್ರಮಾಣಪತ್ರಗಳನ್ನು ಅವನ್ನು ಕೊಟ್ಟ ಸಂಸ್ಥೆಯಿಂದಲೇ ನೇರವಾಗಿ ಖಚಿತಪಡಿಸಿಕೊಳ್ಳುವ ಕ್ರಮವಿದೆ. ಆದ್ದರಿಂದ ದಿನಾಂಕ, ಅವಧಿ ಯಾವುದರಲ್ಲೂ ಒಂದು ತಿಂಗಳನ್ನೂ ಹಿಗ್ಗಿಸಬೇಡಿ.

ಎಲ್ಲರಿಗೂ ಕಾಣಬಾರದ್ದು

ಸ್ವಂತ ಪುಟ ಎಂದ ಕೂಡಲೇ ಕೆಲವರು ಉತ್ಸಾಹದಿಂದ ಆಧಾರ್ ಕಾರ್ಡು, ಪಾಸ್‌ಪೋರ್ಟು, ಅಂಕಪಟ್ಟಿ ಎಲ್ಲವನ್ನೂ ಸ್ಕ್ಯಾನ್ ಮಾಡಿ ಹಾಕಿಬಿಟ್ಟರು. ಕೂಡಲೇ ತೆಗೆಸಿದೆವು. ಈ ಪುಟವನ್ನು ಒಳ್ಳೆಯವರೂ ನೋಡುತ್ತಾರೆ, ಕೆಟ್ಟವರೂ ನೋಡುತ್ತಾರೆ. ಆಧಾರ್, ಪಾನ್, ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನಾಂಕ, ಮನೆಯ ವಿಳಾಸ, ಸಹಿ, ಬ್ಯಾಂಕ್ ವಿವರ, ಇವು ಯಾವುವೂ ಅಲ್ಲಿರಬಾರದು. ಹೆಣ್ಣುಮಕ್ಕಳು ಫೋನ್ ಸಂಖ್ಯೆಯನ್ನೂ ಹಾಕದೆ ಇ-ಮೇಲ್ ಮಾತ್ರ ಕೊಡುವುದು ಒಳ್ಳೆಯದು. ಪ್ರಮಾಣಪತ್ರಗಳನ್ನು ಡಿಜಿಲಾಕರ್‌ನಲ್ಲಿ ಇಟ್ಟುಕೊಂಡು, ನಂಬಿಕಸ್ಥ ಸಂಸ್ಥೆ ಕೇಳಿದಾಗ ಮಾತ್ರ ಕಳುಹಿಸಿ.

ಪುಟ ಕಂಡ ಮೇಲೆ ಕರೆಗಳು ಬರುತ್ತವೆ. ಎಲ್ಲವೂ ಸಾಚಾ ಅಲ್ಲ. "ನೀವು ಆಯ್ಕೆಯಾಗಿದ್ದೀರಿ, ನೋಂದಣಿಗೆ, ತರಬೇತಿಗೆ, ಲ್ಯಾಪ್‌ಟಾಪಿಗೆ ಇಷ್ಟು ಹಣ ಕಟ್ಟಿ" ಎಂದರೆ ಅಲ್ಲೇ ಫೋನ್ ಇಟ್ಟುಬಿಡಿ. ಸಂದರ್ಶನವೇ ಇಲ್ಲದೆ ನೇಮಕ ಪತ್ರ ಬಂದರೂ ಸಂಶಯಪಡಿ. ವಿದೇಶದ ಕೆಲಸವಾದರೆ ಏಜೆಂಟರು ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿತರೇ ಎಂಬುದನ್ನು ಇ-ಮೈಗ್ರೇಟ್ ತಾಣದಲ್ಲಿ ನೋಡಿ. ಹಣ ಕಳೆದುಕೊಂಡವರು ನಾಚಿಕೆಯಿಂದ ಮುಚ್ಚಿಡದೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ಇದು ಸೈಬರ್ ವಂಚನೆಯ ದೂರಿಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಇನ್ನೊಂದು ಎಚ್ಚರಿಕೆ ಹೊಸ ಕಾಲದ್ದು. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಬಳಿಕ ಪುಟದ ಬರಹವನ್ನು ಕಂಪ್ಯೂಟರಿನಿಂದಲೇ ಬರೆಸುವವರು ಹೆಚ್ಚಿದ್ದಾರೆ. ಇಂಗ್ಲಿಷಿನ ತಪ್ಪು ತಿದ್ದಿಸಿಕೊಳ್ಳಲು ಅದು ಸಹಾಯಕ, ಅದರಲ್ಲಿ ತಪ್ಪಿಲ್ಲ. ಆದರೆ ನೀವು ಮಾಡದ ಕೆಲಸವನ್ನು ಅದು ಚೆಂದವಾಗಿ ಸೇರಿಸಿಬಿಡಬಹುದು. ಪುಟದಲ್ಲಿರುವ ಪ್ರತಿ ವಾಕ್ಯದ ಬಗ್ಗೆ "ಇದನ್ನು ವಿವರಿಸಿ" ಎಂದು ಕೇಳಿದರೆ ಐದು ನಿಮಿಷ ಮಾತನಾಡಲು ನಿಮಗೆ ಸಾಧ್ಯವೇ? ಇಲ್ಲವಾದರೆ ಆ ವಾಕ್ಯವನ್ನು ಅಳಿಸಿ.

ಕಟ್ಟಿದ ಮೇಲೆ

ಪುಟವನ್ನು ಕಟ್ಟಿ ಮರೆತುಬಿಡಬೇಡಿ. ಆರು ತಿಂಗಳಿಗೊಮ್ಮೆ ತೆರೆದು, ಹೊಸ ಕೆಲಸ ಸೇರಿಸಿ, ಹಳೆಯ ಲಿಂಕ್‌ಗಳು ತೆರೆಯುತ್ತವೆಯೇ ನೋಡಿ. ಎಲ್ಲದರ ಪ್ರತಿಯನ್ನು ನಿಮ್ಮಲ್ಲೂ ಇಟ್ಟುಕೊಳ್ಳಿ. ಒಂದು ಕಾಲದಲ್ಲಿ ನಮ್ಮ ಯುವಜನರೆಲ್ಲ ಆರ್ಕುಟ್‌ನಲ್ಲಿದ್ದರು. ಅದು 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಗೂಗಲ್ ಸೈಟ್ಸ್‌ನ ಹಳೆಯ ಆವೃತ್ತಿ ಕೂಡ ಆಮೇಲೆ ನಿಂತುಹೋಯಿತು. ಪರರ ಜಾಗದಲ್ಲಿ ಉಚಿತವಾಗಿ ಕಟ್ಟಿದ ಮನೆಯಲ್ಲಿ ಸಾಮಾನಿನ ಪಟ್ಟಿ ನಮ್ಮ ಕೈಯಲ್ಲಿರಬೇಕು.

ಪುಟವೊಂದಿದ್ದರೆ ಕೆಲಸ ಸಿಕ್ಕೇ ಸಿಗುತ್ತದೆ ಎಂದು ನಾವು ಭರವಸೆ ಕೊಡಲಾರೆವು. ನಮ್ಮ ಹುಡುಗಿ ಆ ಬಳಿಕ ನಾಲ್ಕು ಕಡೆ ಅರ್ಜಿ ಹಾಕಿದಳು. ಎರಡು ಕಡೆಯಿಂದ ಉತ್ತರವೇ ಬರಲಿಲ್ಲ. ಒಂದು ಕಡೆ ಬೇರೆಯವರನ್ನು ತೆಗೆದುಕೊಂಡರು. ನಾಲ್ಕನೆಯದು ಕಾಸರಗೋಡು ಮತ್ತು ಮಂಗಳೂರು ಎರಡೂ ಕಡೆ ಶಾಖೆಗಳಿರುವ ಒಂದು ಸಂಸ್ಥೆ. ಸಂದರ್ಶನಕ್ಕೆ ಕುಳಿತಾಗ ಅಧಿಕಾರಿಯ ಕಂಪ್ಯೂಟರಿನಲ್ಲಿ ಅವಳ ಪುಟ ಮೊದಲೇ ತೆರೆದಿತ್ತಂತೆ. "ಈ ಪೆಟ್ಟಿಗೆಯಲ್ಲಿದ್ದ ಚೀಟಿಗಳನ್ನು ಹೇಗೆ ಜೋಡಿಸಿದಿರಿ, ಹೇಳಿ" ಎಂದು ಅವರು ಕೇಳಿದರಂತೆ. ಮೊದಲ ಸಲ ಹತ್ತು ನಿಮಿಷದಲ್ಲಿ ಮುಗಿದ ಮಾತು ಈ ಸಲ ಮುಕ್ಕಾಲು ಗಂಟೆ ನಡೆಯಿತು. ಸಂಬಳ ದೊಡ್ಡದೇನಲ್ಲ. ಆದರೂ ಮೊದಲ ತಿಂಗಳ ಸಂಬಳದಲ್ಲಿ ಚಿಕ್ಕಪ್ಪನಿಗೊಂದು ಅಂಗಿ ತಂದಾಗ, "ನನ್ನ ಲೆಕ್ಕ ಇನ್ನು ಯಾರು ಬರೀತಾರೆ?" ಎಂದು ಅವರು ನಗುತ್ತಲೇ ಕೇಳಿದರಂತೆ. ಈಗ ಪ್ರತಿ ಶನಿವಾರ ರಾತ್ರಿ ಕುಳಿತು ಬರೆದುಕೊಡುತ್ತಾಳೆ. ಅದೂ ಕೆಲಸವೇ ಎಂದು ಅವಳಿಗೆ ಈಗ ಗೊತ್ತಿದೆ.

ಎ.ಸಿ. ಮೆಕ್ಯಾನಿಕ್‌ ಇನ್ನೂ ಕಾಯುತ್ತಿದ್ದಾರೆ. ಕುಂಬಳೆಯ ಕಡೆಯಿಂದ ಬಿಡಿ ಕೆಲಸಗಳಿಗೆ ಕರೆ ಬರತೊಡಗಿದೆ, ತಿಂಗಳಿಗೆ ನಾಲ್ಕಾರು. ಪ್ರತಿಯೊಂದು ಕೆಲಸದ ಮೊದಲು ಮತ್ತು ಆಮೇಲೆ ಒಂದು ಫೋಟೋ ತೆಗೆಯುವುದನ್ನು, ಮನೆಯವರ ಅನುಮತಿ ಕೇಳುವುದನ್ನು ಅವರು ರೂಢಿ ಮಾಡಿಕೊಂಡಿದ್ದಾರೆ.

ಹಿರಿಯರಲ್ಲಿ ನಮ್ಮದೊಂದು ವಿನಂತಿ. ಮನೆಯಲ್ಲಿ ಕೆಲಸ ಹುಡುಕುತ್ತಿರುವ ಮಗನೋ ಮಗಳೋ ಇದ್ದರೆ, "ಇನ್ನೂ ಎಂತದೂ ಆಗಲಿಲ್ಲವಾ?" ಎಂದು ಕೇಳುವ ಮೊದಲು ಒಂದು ನೋಟ್‌ಬುಕ್ ಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳಿ. ಅವರು ಮಾಡಿದ ಕೆಲಸಗಳಲ್ಲಿ ಅವರಿಗೆ ಮರೆತುಹೋದದ್ದು ನಿಮಗೆ ನೆನಪಿರುತ್ತದೆ. ಮೊದಲ ಸಾಲನ್ನು ನೀವೇ ಹೇಳಿಕೊಡಿ.